ಅಪ್ಪನ ಎಡೆ

ಯಳವತ್ತಿಯ ಹನಮಪ್ಪ ಕುಡಿತ ಬಿಟ್ಟ ಮೇಲೆ ಬಂದ ಮೊದಲ ಹಿರಿಯರ ಅಮಾವಾಸ್ಯೆ ಅದು. ಬೆಳಗಿನಿಂದಲೇ ಅವನಿಗೆ ಭಯ. ತೀರಿಹೋದವರಿಗೆ ಇಷ್ಟವಾಗಿದ್ದನ್ನೇ ಎಡೆ ಇಡಬೇಕು. ಅವರು ಬಂದು ಉಂಡು ಹೋಗಲಿ ಎಂದು ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಕಾಯಬೇಕು. ಆಮೇಲೆ ಹಿರಿಯ ಮಗ ಒಳಗೆ ಹೋಗಿ ಎಲ್ಲದರಲ್ಲೂ ಮೊದಲು ರುಚಿ ನೋಡಬೇಕು. ಹಿರಿಯ ಮಗ ಹನಮಪ್ಪನೇ. ಅಪ್ಪನಿಗೆ ಇಷ್ಟವಾಗಿದ್ದು ಹೋಳಿಗೆ, ಬದನೆಕಾಯಿ ಪಲ್ಯ ಮತ್ತು ರಮ್.

ಗವಂಡಿ ಕೆಲಸವನ್ನೂ ಕುಡಿತವನ್ನೂ ಹನಮಪ್ಪ ಕಲಿತದ್ದು ಅಪ್ಪನಿಂದಲೇ. ಲಕ್ಷ್ಮೇಶ್ವರದಲ್ಲಿ ಹನಮಪ್ಪ ಕಟ್ಟಿದ ಮನೆಗಳು ಬೇಕಾದಷ್ಟಿವೆ. ಕೊನೆಗೆ ಕೈ ನಡುಗತೊಡಗಿ, ಗೋಡೆ ಸೊಟ್ಟಗಾಗಿ, ಯಾರೂ ಕೆಲಸಕ್ಕೆ ಕರೆಯದಾದರು. ಆಗ ಅವನನ್ನು ಗದಗಿನ ಆಸ್ಪತ್ರೆಗೆ ಎಳೆದುಕೊಂಡು ಹೋದವಳು ತಾಯಿ ದುರಗವ್ವ. ಕುಡಿತ ಬಿಟ್ಟ ಹೊಸತರಲ್ಲಿ ಅವನು ಹಾಸಿಗೆ ಒದ್ದೆ ಮಾಡಿದ, ಗೋಡೆಯ ಮೇಲೆ ಹುಳು ಹರಿಯುತ್ತಿವೆ ಎಂದು ಕೂಗಿದ, ತಾಯಿಯನ್ನು ಬಾಯಿಗೆ ಬಂದಂತೆ ಬೈದ. ಅವಳೂ ತಿರುಗಿ ಬೈದಳು; ಬೈಯುತ್ತಲೇ ಗಂಜಿ ಕುಡಿಸಿದಳು. ಆ ಗಂಜಿಯ ಋಣವನ್ನು ಅವನು ಮರೆತಿಲ್ಲ.

ಮಧ್ಯಾಹ್ನ ತಮ್ಮ ಸೋಮೇಶ ಚೀಲದಿಂದ ಬಾಟಲಿ ತೆಗೆದು ಅಪ್ಪನ ಫೋಟೋದ ಮುಂದೆ ಇಟ್ಟ. ಹನಮಪ್ಪನ ಬಾಯಲ್ಲಿ ನೀರೂರಿತು. ಒಮ್ಮೆ ನಾಲಿಗೆಗೆ ತಾಗಿದರೆ ತಾನು ನಿಲ್ಲುವವನಲ್ಲ ಎಂಬುದು ಅವನಿಗೆ ಗೊತ್ತು. ಪಡಸಾಲೆಯ ತುಂಬ ಕೂತ ಬಳಗದವರೆದುರು ಅದನ್ನು ಹೇಳಿಕೊಳ್ಳಲು ನಾಚಿಕೆ. ಆದರೂ ಹೇಳಿದ.

“ಯವ್ವಾ, ಅದನ್ನ ತಗಿಸು. ಒಳಗ ಅದಿದ್ರ ನನ್ನ ಕೈ ನನ್ನ ಮಾತ ಕೇಳೂದಿಲ್ಲ.”

“ಇದು ಎಡಿ ಅಣ್ಣಾ, ಕುಡಿಯೂದಲ್ಲ,” ಎಂದ ಸೋಮೇಶ. “ಒಂದು ಹನಿ ನಾಲಿಗಿಗೆ ಹಚ್ಚಿಕೊಂಡ್ರ ಆತು. ಇಡಲಿಲ್ಲಂದ್ರ ಅಪ್ಪ ಸಿಟ್ಟಾಗ್ತಾನ.”

“ನನಗ ಒಂದು ಹನಿ ಅನ್ನೂದು ಇಲ್ಲೋ ತಮ್ಮಾ.”

ದುರಗವ್ವ ಹೋಳಿಗೆಗೆ ತುಪ್ಪ ಹಾಕುತ್ತಿದ್ದಳು. ಗಂಡ ಹೋದಾಗಿನಿಂದ ಒಂದು ವರ್ಷವೂ ಅವಳು ಎಡೆಗೆ ಬಾಟಲಿ ಇಡುವುದನ್ನು ತಪ್ಪಿಸಿರಲಿಲ್ಲ. ಹನಮಪ್ಪ ಅವಳನ್ನೇ ನೋಡುತ್ತ ನಿಂತ.

“ಲೇ ಸೋಮ್ಯಾ,” ಎಂದಳು ಅವಳು, “ನಿಮ್ಮಪ್ಪ ಜೀವ ಇದ್ದಾಗ ಬೇಕಾದಷ್ಟು ಕುಡದಾನ. ಸತ್ತ ಮ್ಯಾಲೂ ಅವನ ಚಟಾ ನಾ ನಡಸ್ಬೇಕೇನು? ಒಯ್ದು ತಿಪ್ಪಿಗೆ ಸುರುವು. ಸಿಟ್ಟು ಬಂದ್ರ ನನ್ನ ಕನಸಿನ್ಯಾಗ ಬರ್ಲಿ, ನಾ ಮಾತಾಡ್ತೀನಿ.”

“ಬರೂದಿಲ್ಲ ಬಿಡವ್ವಾ, ನಿನಗ ಹೆದರಿ!” ಎಂದರು ಯಾರೋ. ಬಳಗವೆಲ್ಲ ನಕ್ಕಿತು.

ಸೋಮೇಶ ಗೊಣಗುತ್ತ ಬಾಟಲಿ ಹಿಡಿದು ಹಿತ್ತಲಿಗೆ ಹೋದ. ಹನಮಪ್ಪನ ಕಾಲುಗಳೂ ಅತ್ತ ತಿರುಗಿದವು. ದುರಗವ್ವ ಅದನ್ನು ನೋಡಿದಳು.

“ಸುಮ್ನ ಯಾಕ ನಿಂತೀಯೋ? ಬಾ, ಈ ಬಾಳಿ ಎಲಿ ಒರಸು.”

ಅವನು ಕೂತು ಎಲೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಸೋಮೇಶ ಬರಿಗೈಯಲ್ಲಿ ಮರಳುವವರೆಗೂ ತಲೆ ಎತ್ತಲಿಲ್ಲ.

ಎಡೆ ಇಟ್ಟು ಬಾಗಿಲು ಮುಂದೆ ಮಾಡಿದರು. ಹೊತ್ತು ನೋಡಿ ಹನಮಪ್ಪ ಒಳಗೆ ಹೋಗಿ, ಅಪ್ಪನಿಗೆ ಕೈಮುಗಿದು, ಹೋಳಿಗೆ ಮುರಿದುಕೊಂಡ. ಹೊಸ್ತಿಲ ಬಳಿ ತಾಯಿ ನಿಂತಿದ್ದಳು.

“ಯವ್ವಾ, ನೀ ಇರದಿದ್ರ ನಾನು…”

“ಇದ್ದೀನಲ್ಲ. ಜಲ್ದಿ ತಿನ್ನು, ಹುಡುಗೂರು ಹಸದು ಕುಂತಾವ.”