ಬೀಗರ ಹಾಡೂ ಬಾಯಿಯ ಬೀಗವೂ

‘ಇದೆ’ ಎಂಬುದು ಎರಡಕ್ಷರದ ನಿರುಪದ್ರವಿ ಪದವೆಂದೇ ನೀವೂ ತಿಳಿದಿರಬಹುದು. ಆದರೆ ತೊಂಬತ್ತರ ದಶಕದಲ್ಲಿ ಕೊಟ್ಟೂರಿನ ಸಂತೆಯಲ್ಲಿ ನಾನು ‘ಮೆಂತ್ಯ ಸೊಪ್ಪು ಇದೆಯೇ?’ ಎಂದು ಕೇಳಿದಾಗಲೆಲ್ಲ, ಮಾರುವಾಕೆ ಸೊಪ್ಪಿಗಿಂತ ಮೊದಲು ನನ್ನನ್ನು ತೂಗಿ ನೋಡಿ, “ನಿಮ್ದು ಯಾವೂರ್ರೀ?” ಎನ್ನುತ್ತಿದ್ದಳು.

ಕರಾವಳಿಯಲ್ಲಿ ತುಳು ಮನೆಮಾತಾಗಿ ಬೆಳೆದು, ಕನ್ನಡವನ್ನು ಪಠ್ಯಪುಸ್ತಕದಿಂದ ಕಲಿತು, ಅದನ್ನೇ ಕಲಿಸಲು ಇಲ್ಲಿಯ ಶಾಲೆಗೆ ಬಂದವಳು ನಾನು. ನನ್ನ ಮಾತಿನಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳೆಲ್ಲ ಕ್ಷೇಮವಾಗಿದ್ದವು, ಪ್ರಾಣವೊಂದೇ ಇರಲಿಲ್ಲ. ಹತ್ತು ವರ್ಷ ಕಳೆದರೂ ಪಕ್ಕದ ಮನೆಯ ಬಸವ್ವನಿಗೆ ನಾನು ‘ರೇಡಿಯೋ ಟೀಚರಮ್ಮ’ನೇ. ಆಕೆಯೇ ಮಗಳ ಮದುವೆಗೆ, ಬೀಗರನ್ನು ಕಿಚಾಯಿಸುವ ಹಾಡಿನ ಮೇಳಕ್ಕೆ ನನ್ನನ್ನೂ ಎಳೆದಳು. ತಾಲೀಮಿನಲ್ಲಿ ನಾನು ಅಭ್ಯಾಸಬಲದಿಂದ ‘ಬೆಲ್ಲ ಇದೆ’ ಎಂದು ಹಾಡಿದೆ.

“ಟೀಚರಮ್ಮಾರ, ‘ಇದೆ’ ಅಂದ್ರ ಹಾಡು ಕುಂಟತೈತಿ. ‘ಐತಿ’ ಅನ್ರಿ, ತಾನ ನಡೀತೈತಿ” ಎಂದಳು ಬಸವ್ವ.

ವಾರವಿಡೀ ನನಗೊಂದೇ ಚಿಂತೆ: ಬೀಗರ ಹಾಡಿನ ಹೊತ್ತಿಗೆ ನನ್ನ ಬಾಯಿಗೇ ಬೀಗ ಬಿದ್ದರೆ? ಬೀಗ ಬಿದ್ದರೂ ಬೀಳಲಿ, ‘ಇದೆ’ ಬಿದ್ದರೆ? “ಹಾಡಾಕ ಬಾಡಿಗಿಯಾಕಿನ್ನ ತಂದಾರ” ಎಂದು ಹರಪನಹಳ್ಳಿಯ ಬೀಗರು ನಕ್ಕರೆ ಬಸವ್ವನ ಮಾನವೇನಾದೀತು?

ಚಪ್ಪರದಲ್ಲಿ ಬೀಗ ಬಿದ್ದದ್ದೇನೋ ನಿಜ, ಆದರೆ ಬಸವ್ವನ ಬಾಯಿಗೆ. ಹಾಡುತ್ತಲೇ ಮಗಳ ಮುಖ ನೋಡಿದ ಆಕೆ ಸೆರಗನ್ನು ಬಾಯಿಗೊತ್ತಿಕೊಂಡಳು, ಮುಂದಾಳಿಲ್ಲದ ಮೇಳ ನಿಂತುಬಿಟ್ಟಿತು. ಎದುರು ಸಾಲಿನ ಹೆಂಗಸರು ಕಿಸಕ್ಕೆಂದರು. ಬಸವ್ವ ನನ್ನ ಮೊಣಕೈ ಹಿಂಡಿದಳು. ನಾನು ಕಣ್ಣು ಮುಚ್ಚಿ ಎತ್ತಿಕೊಂಡೆ:

ಬೀಗರ ಮನಿಯಾಗ ಬೆಲ್ಲ ಐತಿ
ಬೀಗಿತ್ತಿ ಬಾಯಾಗ ಬೇವು ಐತಿ

ರಾಗವು ‘ಐತಿ’ಗಷ್ಟೇ ಜಾಗ ಬಿಟ್ಟಿತ್ತು, ‘ಇದೆ’ಗೆ ನುಸುಳಲು ಸಂದೇ ಸಿಗಲಿಲ್ಲ. ವರನ ಅಜ್ಜಿ ಎಲೆಯಡಿಕೆ ಬದಿಗೊತ್ತಿ ನನ್ನತ್ತ ಬೆರಳು ಮಾಡಿದರು. “ಆ ಕೊಟ್ಟೂರಾಕಿ ನಾಲಿಗಿ ನೋಡ್ರವ್ವಾ. ಹುಟ್ಟಿದಾಗ ಈಕಿಗಿ ಜೇನಲ್ಲ, ಮೆಣಸಿನಕಾಯಿ ನೆಕ್ಕಿಸ್ಯಾರ.”

“ಖಾರ ನಮ್ಮೂರದ ಐತಿ ಬಿಡ್ರಿ ಅಮ್ಮಾರ” ಎಂದಳು ಬಸವ್ವ, ಕಣ್ಣೊರೆಸಿಕೊಳ್ಳುತ್ತ.

ಕೊಟ್ಟೂರಾಕಿ! ವಾರದಿಂದ ಹಿಡಿದಿಟ್ಟ ಉಸಿರನ್ನು ಅಲ್ಲೇ ಬಿಟ್ಟೆ. ನನ್ನ ಬಿ.ಎಡ್. ಪ್ರಮಾಣಪತ್ರಕ್ಕಿಂತ ಆ ಬೈಗುಳವೇ ಹೆಚ್ಚು ತೂಗಿತು. ಅತಿಥಿಗಳಿಗೆ ಎಲ್ಲರೂ ಮರ್ಯಾದೆ ಕೊಡುತ್ತಾರೆ. ಬೈಸಿಕೊಳ್ಳುವ ಭಾಗ್ಯ ಊರಿನವರಿಗಷ್ಟೇ.

ಮುಂದಿನ ಸಂತೆಯಲ್ಲಿ ಸೊಪ್ಪಿನ ಬುಟ್ಟಿಯ ಮುಂದೆ ನಿಂತು, ಒಳಗೊಳಗೇ ರಾಗ ಹಿಡಿದು, “ಮೆಂತ್ಯ ಐತೇನವ್ವಾ?” ಎಂದೆ.

ಆಕೆ ತಲೆಯನ್ನೂ ಎತ್ತಲಿಲ್ಲ. “ಕಣ್ಣ ಮುಂದ ಗುಡ್ಡಿ ಹಾಕ್ಕೊಂಡು ಕುಂತೀನಿ, ಕಾಣವಲ್ದೇನು?”

ಊರು ಯಾವುದೆಂದು ಕೇಳಲಿಲ್ಲ. ನನಗೆ ಬೇಕಿದ್ದದ್ದು ಒಂದೇ ಕಟ್ಟು, ಎರಡು ಕೊಂಡೆ.