ಬಿಸಿಲಿಗಿಟ್ಟ ದೇವರ ಸಸಿ

ಒಂದರಿಂದ ಐದನೆಯ ತರಗತಿಯವರೆಗೆ ನಾವಿಬ್ಬರೇ ಶಿಕ್ಷಕಿಯರು. ಹಾಜರಿ, ಹಾಲು, ಮೊಟ್ಟೆ, ಬಿಸಿಯೂಟ, ಎಲ್ಲದರ ಲೆಕ್ಕ ಮೊಬೈಲಿಗೆ ತುಂಬಿ ಮುಗಿಸುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿರುತ್ತದೆ. ಅದರ ಮೇಲೆ ಮಕ್ಕಳ ಕೈಯಿಂದಲೇ ವಿಜ್ಞಾನದ ಪ್ರಯೋಗ ಮಾಡಿಸಬೇಕು. ಮಾಡಿಸಿದರೆ ಸಾಲದು, ಅದರ ಫೋಟೊ ಬೇರೆ ಕಳಿಸಬೇಕು. ಮುಂಡಗೋಡದಿಂದ ಚಿಗಳ್ಳಿ ಕಡೆಗೆ ಹೋಗುವ ಬಸ್ಸಿನಲ್ಲಿ ದಿನಾ ನಿಂತೇ ಹೋಗುವ ನನಗೆ ಆ ವರ್ಷ ಇದ್ದದ್ದು ಒಂದೇ ಚಿಂತೆ, ದಸರಾ ರಜೆ ಯಾವಾಗ ಬಂದೀತು ಎಂದು.

ರಜೆಗೆ ಮೊದಲು ಎರಡು ಕರಟಗಳಲ್ಲಿ ಮಣ್ಣು ತುಂಬಿಸಿ ಗೋಧಿ ಬಿತ್ತಿಸಿದ್ದೆ. ಒಂದನ್ನು ಕಿಟಕಿಯಲ್ಲಿಟ್ಟೆವು, ಇನ್ನೊಂದನ್ನು ಕಪಾಟಿನೊಳಗೆ. ಕೊನೆಯ ದಿನ ಕಪಾಟು ತೆಗೆದರೆ ಒಳಗಿನ ಸಸಿ ಹಳದಿಯಾಗಿ ಉದ್ದಕ್ಕೆ ಬೆಳೆದಿತ್ತು. ಕಿಟಕಿಯದು ಗಿಡ್ಡಗೆ, ಹಸಿರಾಗಿತ್ತು.

“ಯಾವುದು ಚೊಲೊ ಐತಿ?” ಎಂದು ಕೇಳಿದೆ. ಎಲ್ಲ ಮಕ್ಕಳೂ ಹಳದಿಯದನ್ನೇ ತೋರಿಸಿದರು.

“ಘಟದ ಸಸಿಯಂಗ ಬಂದೈತ್ರಿ ಟೀಚರ್,” ಎಂದಳು ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು.

ಮಕ್ಕಳದೇನು ತಪ್ಪು? ನವರಾತ್ರಿಯಲ್ಲಿ ನಮ್ಮ ಕಡೆ ದೇವರ ಕೋಣೆಯ ಜಗಲಿಯ ಮೇಲೆ ಮಣ್ಣು ಹಾಕಿ, ಘಟವಿಟ್ಟು, ಸುತ್ತ ಕಾಳು ಬಿತ್ತುತ್ತಾರೆ. ಕತ್ತಲ ಕೋಣೆಯಲ್ಲಿ ಆ ಸಸಿ ಬಂಗಾರದ ಬಣ್ಣಕ್ಕೆ ಬಂದರೆ ಮನೆಮಂದಿಗೆಲ್ಲ ಸಮಾಧಾನ. ಬನ್ನಿಯ ದಿನ ಹೆಂಗಸರು ಅದನ್ನು ಮುಡಿಯುತ್ತಾರೆ, ಗಂಡಸರು ಟೊಪ್ಪಿಗೆಗೆ ಸಿಕ್ಕಿಸಿಕೊಳ್ಳುತ್ತಾರೆ. ದೇವರು ಕೊಟ್ಟ ಬಣ್ಣವನ್ನು ನಾನು ಬಂದು ಸೊರಗಿದ್ದು ಎಂದರೆ ಯಾರು ನಂಬಬೇಕು?

“ಅದು ಬಿಸಲು ಕಾಣದಕ್ಕ ಹಳದಿ ಆಗೇತಿ. ನಾ ಹೇಳಿದ್ದು ನಂಬಬ್ಯಾಡ್ರಿ, ಮಾಡಿ ನೋಡ್ರಿ,” ಎಂದೆ. ಬಸ್ಸಿನ ಹೊತ್ತಾಗಿತ್ತು. ಮಾತು ಮುಗಿಸಲು ಹೇಳಿದ್ದು, ಅಷ್ಟೇ.

ರಜೆ ಮುಗಿದರೂ ಆ ಹುಡುಗಿ ಬರಲಿಲ್ಲ. ಏನು ಕೇಳಿದರೂ ಕೈ ಎತ್ತುವವಳು ಅವಳೊಬ್ಬಳೇ. ಅವಳಿಲ್ಲದಿದ್ದರೆ ನಾನು ಗೋಡೆಗೆ ಪಾಠ ಹೇಳಿದಂತೆ. ಮೂರನೆಯ ದಿನ ಅವಳನ್ನು ಎಳೆದುಕೊಂಡು ಅಜ್ಜಿ ಬಂದಳು. ಸೆರಗಿನಲ್ಲಿ ಒಂದು ಕರಟ, ಅದರ ತುಂಬ ಹಚ್ಚಗಿನ ಗೋಧಿ ಸಸಿ.

“ಇದನ್ನ ಏನ್ ಮಾಡೂದ್ರಿ ಅಕ್ಕಾರ? ಘಟದ ಮಣ್ಣು, ಕಾಳು ಕದ್ದು ಮುಚ್ಚಿ ತಗೊಂಡು ಹಿತ್ತಲದಾಗ ಬಿಸಲಿಗೆ ಇಟ್ಟಾಳ. ಜಗಲಿ ಮ್ಯಾಲಿನ್ದು ಮುಡದು, ಉಳದದ್ದು ಹಳ್ಳಕ್ಕ ಬಿಟ್ಟು ಬಂದ್ವಿ. ಇದು ಆಮ್ಯಾಲ ಸಿಕ್ಕೈತಿ. ದೇವರದು, ಒಗ್ಯಾಕ ಬರಂಗಿಲ್ಲ. ಪೂಜಿ ಇಲ್ದ ಬೆಳದದ್ದು, ಮುಡ್ಯಾಕ ಬರಂಗಿಲ್ಲ. ಸಾಯಾಕೂ ಒಲ್ಲದು!” ಅಜ್ಜಿ ಉಸಿರು ತೆಗೆದುಕೊಂಡಳು. “ನೀವಽ ಹೇಳೀರಂತ. ಸುಳ್ಳಿದ್ರ ಇಕೀ ಕಾಲ ಮುರೀತೇನಿ. ಖರೇ ಇದ್ರ ನಿಮ್ಮ ಸಾಲಿಗೇ ಕಳಸಾಂಗಿಲ್ಲ.”

ದೇವರದನ್ನು ಮುಟ್ಟು ಎಂದು ನಾನು ಹೇಳಿಲ್ಲ ಎನ್ನುವ ಮಾತು ತುಟಿಗೆ ಬಂದಿತ್ತು. ಅಷ್ಟು ಅಂದಿದ್ದರೆ ನನ್ನ ಪಾಡಿಗೆ ನಾನು ಮೊಟ್ಟೆಯ ಲೆಕ್ಕಕ್ಕೆ ಹೋಗಬಹುದಿತ್ತು. ಹುಡುಗಿ ಬಾಗಿಲು ಹಿಡಿದು ನನ್ನನ್ನೇ ನೋಡುತ್ತಿದ್ದಳು.

“ನಾನಽ ಹೇಳಿದ್ದೆ,” ಎಂದೆ.

ಅಜ್ಜಿ ಬೈದಳು. ಊರಿನ ಬೈಗುಳ, ಮನಸ್ಸು ತುಂಬಿ ಬೈದಳು. ಕೊನೆಗೆ ಕೈ ಚಾಚಿದೆ. “ಆಯಿ, ಇದು ನನ್ನ ಕಡೆ ಇರ್ಲಿ. ದಿನಾ ನೀರ ಹಾಕ್ತೇನಿ. ಏನರ ಆದ್ರ ನನಗಽ ಆಗ್ಲಿ. ಹುಡಿಗಿ ಸಾಲಿ ಬಿಡಸಬ್ಯಾಡ್ರಿ.”

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ನಿಮ್ಮ ಮಾರಿ ನೋಡಿದ್ರ ಆಗ್ಲೇ ಏನೋ ಆದಂಗ ಐತಿ,” ಎಂದಳು. ಸಿಟ್ಟು ಇಳಿದಿತ್ತು. ಕರಟ ನನ್ನ ಕೈಗಿಟ್ಟು, ಹುಡುಗಿಯನ್ನು ಒಳಗೆ ನೂಕಿ, ಹೊರಟಳು.

ಕರಟವನ್ನು ಕಿಟಕಿಯಲ್ಲಿಟ್ಟು ಕುರ್ಚಿಗೆ ಬಿದ್ದೆ. ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಡೋಣ ಅನ್ನಿಸಿತು. ಆಗಲೇ ಹುಡುಗಿಯ ಕೈ ಮೇಲೆದ್ದಿತು.

“ಟೀಚರ್, ಈ ಹಸರದನ್ನ ಈಗ ಕಪಾಟಿನ್ಯಾಗ ಇಟ್ರ ಮತ್ತ ಹಳದಿ ಆಗತೈತೇನ್ರಿ?”

ಪುಸ್ತಕದಲ್ಲಿ ಅದು ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ಅಜ್ಜಿಗೆ ಮಾತು ಕೊಟ್ಟು ಇನ್ನೂ ಐದು ನಿಮಿಷವಾಗಿರಲಿಲ್ಲ. ನೀರು ಹಾಕುತ್ತೇನೆ ಎಂದಿದ್ದೆ. ಬಿಸಿಲಿನಲ್ಲಿಡುತ್ತೇನೆ ಎಂದೇನೂ ಹೇಳಿರಲಿಲ್ಲ.

ಎದ್ದು ಕಿಟಕಿಯಿಂದ ನೋಡಿದೆ. ಅಜ್ಜಿ ಗೇಟು ದಾಟಿದ್ದಳು. ಕಪಾಟಿನ ಕೀಲಿ ಹುಡುಗಿಯ ಕೈಗೆ ಕೊಟ್ಟೆ.