ಮಾತಾಡದ ಮಾಳಿಗೆ

ಗಾದ್ರಪ್ಪ ಹೊನ್ನಾಳಿಯಲ್ಲಿ ಎರಡು ವರ್ಷ ಗಾರೆ ಕೆಲಸ ಮಾಡಿ ಜಗಳೂರು ಸೀಮೆಯ ತನ್ನ ಹಳ್ಳಿಗೆ ವಾಪಸ್ಸಾದಾಗ, ಜೇಬಿನಲ್ಲಿ ಅಳತೆ ಟೇಪು, ಕೈಯಲ್ಲಿ ವಾಚು, ಬಾಯಲ್ಲಿ ಸದಾ ‘ಆರ್‌ಸಿಸಿ’ ಇದ್ದವು. ನಿಜ ಹೇಳಬೇಕೆಂದರೆ ಆ ಎರಡು ವರ್ಷ ಅವನು ಹೊತ್ತದ್ದು ಗಾರೆ ಬಾಣಲಿ. ಕಬ್ಬಿಣ ಕಟ್ಟಿದ್ದು ಎರಡೇ ಸಲ, ಅದೂ ಅಲ್ಲಿನ ಮೇಸ್ತ್ರಿಗೆ ಜ್ವರ ಬಂದಿದ್ದರಿಂದ. ಊರಿಗೆ ಇದನ್ನು ತಿಳಿಸುವ ಅಗತ್ಯ ಅವನಿಗೆ ಕಾಣಲಿಲ್ಲ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಇಪ್ಪತ್ತಮೂರು ವರ್ಷದ ಕೂಲಿಯವನನ್ನು ಜನ ತಾವಾಗಿಯೇ ‘ಮೇಸ್ತ್ರಿ’ ಎಂದು ಕರೆದರೆ ತಿದ್ದಲು ಮನಸ್ಸಾದರೂ ಹೇಗೆ ಬಂದೀತು?

ಮೊದಲ ಮನೆ ದುರುಗಕ್ಕನದು. ಗಂಡ ತೀರಿಕೊಂಡ ಮೇಲೆ ಸೊಸೆ, ಇಬ್ಬರು ಮೊಮ್ಮಕ್ಕಳ ಜೊತೆ ಮಣ್ಣಿನ ಮಾಳಿಗೆಯ ಮನೆಯಲ್ಲಿದ್ದಳು. ಹಿಂದಿನ ಮಳೆಗಾಲದಲ್ಲಿ ಅದು ಕುಸಿದಿತ್ತು. ಸರ್ಕಾರಿ ಪರ್ಮಿಟ್ಟಿನ ಸಿಮೆಂಟು ತರಿಸಿ, ಹೊನ್ನಾಳಿಯಿಂದ ಒಂದು ಲಾರಿ ಹೊಳೆ ಮರಳು ಹಾಕಿಸಿ, ಗಾದ್ರಪ್ಪನ ಕೈಗೆ ಮನೆ ಒಪ್ಪಿಸಿದಳು.

ಮಾಳಿಗೆಗೆ ಕಾಂಕ್ರೀಟು ಸುರಿಯುವ ಮೋಲ್ಡಿಂಗ್ ದಿನ ಮಧ್ಯಾಹ್ನದ ಹೊತ್ತಿಗೆ ಮರಳು ಮುಗಿಯಿತು. ಉಳಿದದ್ದು ಅಡುಗೆಮನೆಯ ಮೂಲೆ ಮಾತ್ರ.

“ಏನ್ ಮಾಡಾನ ಮೇಸ್ತ್ರಿ?” ಅಂದ ಜೊತೆಯ ಆಳು ಪಾಪಣ್ಣ.

“ಹಳ್ಳದ ಮರಳು ಹಾಕು. ಮರಳು ಮರಳೇ.”

ಹಾಗಂದವನು ಒಂದು ಹಿಡಿ ತೆಗೆದು ಅಮುಕಿ ನೋಡಿದ. ಅಂಗೈ ತುಂಬ ಕೆಸರು ಮೆತ್ತಿತು; ಕೆಸರು ಮರಳಿಗೆ ಸಿಮೆಂಟು ಕಚ್ಚುವುದಿಲ್ಲ. ಲುಂಗಿಗೆ ಒರೆಸಿಕೊಂಡ. ಲುಂಗಿಯ ಕಲೆ ಮರುದಿನ ಒಗೆದಾಗ ಹೋಯಿತು.

ಇಪ್ಪತ್ತೊಂದು ದಿನ ಮಾಳಿಗೆಯ ಮೇಲೆ ನೀರು ನಿಲ್ಲಿಸಬೇಕು. ದಿನಾ ಬೆಳಗ್ಗೆ ನೀರು ಹಾಕುವ ನೆಪದಲ್ಲಿ ಗಾದ್ರಪ್ಪ ಮೇಲೆ ಹೋಗಿ ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಸಿಮೆಂಟು ಎಲ್ಲ ಕಡೆ ಒಂದೇ ಬೂದು ಬಣ್ಣ. ಅಲ್ಲಿ ಎಷ್ಟು ಕೆಸರಿದೆ ಎಂಬುದು ಅವನೊಬ್ಬನ ಅಂಗೈಗೆ ಮಾತ್ರ ಗೊತ್ತಿತ್ತು.

ಮಾಳಿಗೆಗೆ ಆಸರೆ ಕೊಟ್ಟಿದ್ದ ಹಲಗೆ, ಕಂಬಗಳ ಸೆಂಟ್ರಿಂಗ್ ಬಿಚ್ಚುವ ದಿನ ದುರುಗಕ್ಕ ಒಂದು ಮಾತು ತೆಗೆದಳು.

“ಕಂಬ ಕೀಳಾಗ ನೀನು ಒಳಗೆ ಕುಂತು ಉಣ್ಣಬೇಕು ಕಣಪ್ಪ.”

“ಯಾಕೆ ದೊಡ್ಡವ್ವ?”

“ನನ್ನ ಮಣ್ಣಿನ ಮಾಳಿಗೆ ಬೀಳಾಕೆ ಮುಂಚೆ ಎಂಟು ದಿನ ಮಣ್ಣು ಉದುರಿಸಿ ಹೇಳ್ತು. ತೊಲೆ ಕಿರ್ ಅಂತು. ಹುಡುಗ್ರನ್ನ ಹೊರಗೆ ಮಲಗಿಸಿದೆ, ಉಳಕೊಂಡ್ವು. ನಿನ್ನ ಸಿಮೆಂಟು ಹೆಂಗೆ ಹೇಳುತ್ತೆ?”

“ಅದು ಬೀಳಾದೇ ಇಲ್ಲ.”

“ಹಂಗಾದ್ರೆ ಉಣ್ಣಾಕೆ ಏನು ಕಷ್ಟ?”

ತಟ್ಟೆ ಇಟ್ಟದ್ದು ಅಡುಗೆಮನೆಯ ಅದೇ ಮೂಲೆಯಲ್ಲಿ. ನಾಳೆಯಿಂದ ಒಲೆ ಉರಿಯುವುದು ಅಲ್ಲೇ ತಾನೇ. ಪಾಪಣ್ಣ ಸುತ್ತಿಗೆ ಹಿಡಿದು ನಿಂತ.

“ಮೇಸ್ತ್ರಿ, ಮುದ್ದೆ ಪೂರ್ತಿ ನುಂಗ್ರಿ, ಆಮ್ಯಾಲೆ ಹೊಡೀತೀನಿ. ಅರ್ಧ ಉಂಡು ಹೋದ್ರೆ ಪಾಪ ನಮಗೆ ಸುತ್ತಿಕೊಳ್ಳುತ್ತೆ!”

ನಡುಮನೆಯ ಕಂಬಗಳು ಒಂದೊಂದಾಗಿ ಉರುಳಿದವು. ಮಾಳಿಗೆ ಗಟ್ಟಿಯಾಗಿ ನಿಂತಿತು. ಉಳಿದದ್ದು ಗಾದ್ರಪ್ಪನ ಸುತ್ತಲಿನ ನಾಲ್ಕು. ಮೊದಲನೆಯದು ಹೋಯಿತು. ಎರಡನೆಯದು ಹೋಯಿತು. ಮೂರನೆಯದಕ್ಕೆ ಬಿದ್ದ ಏಟಿಗೆ ಮೇಲಿನಿಂದ ಒಂದು ಚಿಟಿಕೆ ಮರಳು ಅವನ ತಟ್ಟೆಯ ಸಾರಿಗೆ ಬಿತ್ತು. ಅವನು ಮುದ್ದೆ ಬಿಟ್ಟು ಮೇಲೆ ನೋಡಿದ. ಅಷ್ಟರಲ್ಲಿ ದುರುಗಕ್ಕ ಮಜ್ಜಿಗೆ ಚೊಂಬು ಹಿಡಿದು ಬಾಗಿಲು ದಾಟಿ ಒಳಗೆ ಕಾಲಿಟ್ಟಳು.

“ಬರಬ್ಯಾಡ ದೊಡ್ಡವ್ವ! ಹೊರಗೆ ಹೋಗು!”

ತನ್ನ ದನಿ ಇಷ್ಟು ಕೀರಲು ಎಂದು ಗಾದ್ರಪ್ಪನಿಗೆ ಅವತ್ತೇ ಗೊತ್ತಾದದ್ದು. ದುರುಗಕ್ಕ ನಿಂತಲ್ಲೇ ನಿಂತಳು.

“ನೀನು ಕುಂತಿರೋ ಜಾಗಕ್ಕೆ ನಾನ್ಯಾಕೆ ಬರಬಾರ್ದು?”

ಅವನು ತಟ್ಟೆಯನ್ನೇ ನೋಡುತ್ತ ಹೇಳಿಬಿಟ್ಟ. “ಈ ಮೂಲೆಗೆ ಹಳ್ಳದ ಮರಳು ಹಾಕೀನಿ. ಕೆಸರಿತ್ತು. ನೋಡಿದ್ದೆ.”

ಪಾಪಣ್ಣನ ಸುತ್ತಿಗೆ ತಾನಾಗಿಯೇ ಕೆಳಗಿಳಿಯಿತು. “ಒಡೆದು ಮತ್ತೆ ಹಾಕ್ತೀನಿ,” ಎಂದ ಗಾದ್ರಪ್ಪ.

“ಸಿಮೆಂಟೇನು ನಿಮ್ಮಪ್ಪ ಕೊಡ್ತಾನಾ? ಪರ್ಮಿಟ್ಟಿಗೆ ಆರು ತಿಂಗಳು ಅಲೆದೀನಿ.” ದುರುಗಕ್ಕ ಚೊಂಬು ಕೆಳಗಿಟ್ಟಳು. “ಹೊರಗೆ ಬೇವಿನ ಕಂಬ ಬಿದ್ದೈತೆ, ಎತ್ತಿಕೊಂಡು ಬರ್ರಿ.”

ಅದು ಹಳೆ ಮನೆಯ ಕಂಬ. ಒಂದು ಕಡೆ ಅವಳ ಗಂಡ ಒರಗಿ ಒರಗಿ ತಲೆಯೆಣ್ಣೆ ಹತ್ತಿ ಕಪ್ಪಾಗಿತ್ತು. ಸೊಂಟದೆತ್ತರಕ್ಕೆ ಮಜ್ಜಿಗೆ ಕಡೆಯುವ ಹಗ್ಗ ಕೊರೆದ ಗೆರೆ. ಬುಡಕ್ಕೆ ಕಲ್ಲು ಕೊಟ್ಟು, ತಲೆಗೆ ಬೆಣೆ ಹೊಡೆದು ಆ ಮೂಲೆಯಲ್ಲಿ ನಿಲ್ಲಿಸಿದರು.

“ಇದಕ್ಕೆ ಭಾರ ಬಿದ್ರೆ ಹೇಳುತ್ತೆ,” ಎಂದಳು ದುರುಗಕ್ಕ. “ಈಗ ಉಣ್ಣು, ಮುದ್ದೆ ಆರ್ತೈತೆ.”

“ಇಲ್ಲೇನಾ?”

“ಮತ್ತೆಲ್ಲಿ, ನನ್ನ ತಲೆ ಮ್ಯಾಲಾ?”

ಉಳಿದ ಕಂಬಗಳನ್ನೂ ಪಾಪಣ್ಣ ಹೊಡೆದು ಕಿತ್ತ. ಬೇವಿನ ಕಂಬ ಒಮ್ಮೆ ಕಿರ್ ಅಂದು ಸುಮ್ಮನಾಯಿತು. ಗಾದ್ರಪ್ಪನಿಗೆ ಮೈಮೇಲೆ ಎಚ್ಚರ ಬಂದಾಗ ಅವನು ಮನೆಯಿಂದ ಓಡಿ ಹೊರಗಿನ ಬಣವೆಯ ಪಕ್ಕದಲ್ಲಿದ್ದ, ಮುಷ್ಟಿಯಲ್ಲಿ ಮುದ್ದೆ. ಮೇಸ್ತ್ರಿಯ ಓಟ ನೆನೆದು ಊರು ಎರಡು ವರ್ಷ ನಕ್ಕಿತು.

ಆಮೇಲೆ ಚನ್ನಗಿರಿ, ನ್ಯಾಮತಿ ಕಡೆಯೆಲ್ಲ ಅವನು ಮನೆ ಹಾಕಿದ. ಮರಳನ್ನು ಹಿಡಿ ಹಿಡಿಯಾಗಿ ಅಮುಕಿ ನೋಡದೆ ಬಾಣಲಿಗೆ ಹಾಕಿಸುತ್ತಿರಲಿಲ್ಲ. ಸೆಂಟ್ರಿಂಗ್ ಬಿಚ್ಚುವಾಗ ತಟ್ಟೆ ಹಾಕಿಸಿಕೊಂಡು ಕೆಳಗೆ ಕೂರುತ್ತಿದ್ದ. ಊಟದ ಆಸೆಯವನು ಎಂದು ಜನ ‘ಉಣ್ಣೋ ಮೇಸ್ತ್ರಿ’ ಅಂದರು. ಒಂದು ತುತ್ತಿನ ರುಚಿಯೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಎಂಬತ್ತೇಳರಲ್ಲೂ, ಮಳೆಗೆ ಮುಂಚೆ, ಪ್ರತಿ ವರ್ಷದಂತೆ ದುರುಗಕ್ಕನ ಅಡುಗೆಮನೆಗೆ ಹೋಗಿ ಬೇವಿನ ಕಂಬಕ್ಕೆ ಕಿವಿ ಕೊಟ್ಟ. ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು.

“ಏನಂತೈತೆ?”

“ಏನೋ ಟಿಕ್ ಟಿಕ್ ಅಂತೈತೆ ದೊಡ್ಡವ್ವ.”

“ವಾಚು ಬಿಚ್ಚಿಟ್ಟು ಕೇಳಲೇ.”

ಅವನು ವಾಚು ಬಿಚ್ಚಿ ಅವಳ ಕೈಗೆ ಕೊಟ್ಟು ಮತ್ತೆ ಕಿವಿ ಹಚ್ಚಿದ. ಈಗ ಕೇಳಿಸುತ್ತಿದ್ದದ್ದು ಅವನದೇ ಎದೆಬಡಿತ. ಅದು ನಿಲ್ಲದ ಹೊರತು ಕಂಬ ಏನನ್ನುತ್ತಿದೆಯೋ ತಿಳಿಯುವಂತಿರಲಿಲ್ಲ. ಅವಳ ರೊಟ್ಟಿ ಮುಗಿಯುವ ತನಕ ಅವನು ಆ ಮೂಲೆಯಲ್ಲೇ, ಕಂಬಕ್ಕೆ ಕಿವಿ ಹಚ್ಚಿ ನಿಂತಿದ್ದ.